ಗಾಜಿನ ಮೇಲೆ ಒಂದು ಹನಿ

ಫೆಬ್ರವರಿ ೯

ಪ್ರೀತಿಯ ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಬದುಕಿದ್ದೇನೆ. ಆಸ್ಪತ್ರೆಯ ಮುದ್ರೆ ಇರುವ ಲಕೋಟೆ ನೋಡಿ ನೀನು ಎದೆ ಹಿಡಿದುಕೊಂಡು ಕೂರಬೇಡ. ಒಂದೇ ಸಂಸಾರದಲ್ಲಿ ಒಂದು ಎದೆ ಕೆಟ್ಟರೆ ಸಾಕು.

ಹೋದ ವಾರ ಒಂದು ದೊಡ್ಡ ಆಫೀಸು ಕಟ್ಟಡದ ಲಿಫ್ಟ್ ರಿಪೇರಿಗೆ ಹೋಗಿದ್ದೆ. ಮೇಲಿನ ಮೋಟಾರು ಕೋಣೆಯಲ್ಲಿ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಎದೆಯ ಮೇಲೆ ಯಾರೋ ಮಂಡಿಯೂರಿ ಕೂತಂತಾಯಿತು. ಬೆವರು ಅಂದರೆ ಬೆವರು. ಹೃದಯಾಘಾತವಂತೆ. ಈಗಷ್ಟೇ ರಿಪೇರಿ ಮಾಡಿದ್ದ ಅದೇ ಲಿಫ್ಟಿನಲ್ಲಿ ನನ್ನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಇಳಿಸಿದರು. ಒಂದು ಚೂರೂ ಕುಲುಕಲಿಲ್ಲ ಅಕ್ಕಾ. ಕೆಲಸ ಅಂದರೆ ಹಾಗಿರಬೇಕು.

ರಕ್ತನಾಳದಲ್ಲಿ ಸಿಕ್ಕಿಕೊಂಡಿದ್ದನ್ನು ತೆಗೆದು ಒಳಗೆ ಸಣ್ಣ ಕೊಳವೆ ಕೂರಿಸಿದ್ದಾರೆ. ನಿನ್ನ ಕಸುಬಿನ ವಿಷಯವೂ ಒಂದಿದೆ. ನನ್ನ ಬಿಳಿ ರಕ್ತಕಣ ಹದಿನೇಳು ಸಾವಿರ! ಪಕ್ಕದ ಹಾಸಿಗೆಯ ಬಸ್ ಡ್ರೈವರಿಗೆ ಬರೀ ಒಂಬತ್ತು. ಬಿಳಿ ಕಣ ಅಂದರೆ ಸೈನಿಕರು ಎಂದು ನೀನೇ ಹೇಳಿಕೊಟ್ಟವಳು. ನನ್ನ ಸೈನ್ಯ ಅವನದರ ಎರಡರಷ್ಟಿದೆ ಎಂದು ಬೀಗಿದೆ. ಪಾಪ, ಅವನ ಮುಖ ಸಪ್ಪಗಾಯಿತು.

ನೀನು ರಜೆ ಹಾಕಿ ಓಡಿ ಬರಬೇಡ. ಬಂದು ಮಾಡುವುದೇನು? ಇಲ್ಲಿ ನನ್ನನ್ನು ನೋಡಿಕೊಳ್ಳಲು ಬೇಕಾದಷ್ಟು ಜನ ಇದ್ದಾರೆ.

ನಿನ್ನ ತಮ್ಮ


ಫೆಬ್ರವರಿ ೧೬

ಲೋ ಮಂಗಾ,

ಹೋದ ವಾರ ಆಗಿದ್ದನ್ನು ಈ ವಾರ ಪತ್ರ ಬರೆದು ತಿಳಿಸುತ್ತೀಯಲ್ಲ, ನಿನಗೆ ಬುದ್ಧಿ ಅನ್ನುವುದು ಇದೆಯೇನೋ? ಓದಿದ ಕೂಡಲೇ ಆಸ್ಪತ್ರೆಗೆ ಫೋನು ಮಾಡಿದೆ. ನೀನು "ಚೆನ್ನಾಗಿದೀನಕ್ಕಾ, ಇಡ್ತೀನಿ" ಎಂದು ಇಟ್ಟೇಬಿಟ್ಟೆ. ಇನ್ನು ಮೇಲೆ ಪತ್ರವನ್ನೇ ಬರಿ. ಫೋನಿನಲ್ಲಿ ನೀನು ಒಂದು ಉಸಿರಿಗೆ ಸುಳ್ಳು ಹೇಳಿ ಮುಗಿಸುತ್ತೀಯ. ಪತ್ರದಲ್ಲಾದರೆ ಸುಳ್ಳಿಗೂ ಒಂದು ಪುಟ ತುಂಬಿಸಬೇಕಾಗುತ್ತದೆ, ಎಲ್ಲಾದರೂ ಎಡವುತ್ತೀಯ.

ಬಿಳಿ ಕಣದ ವಿಷಯ. ಹೃದಯಕ್ಕೆ ಪೆಟ್ಟು ಬಿದ್ದಾಗ ಅವು ಓಡಿ ಬರುವುದು ಸಹಜ. ಸತ್ತ ಮಾಂಸವನ್ನು ಗುಡಿಸಿ ಹಾಕುವ ಕೆಲಸ ಅವುಗಳದ್ದು. ಸೈನ್ಯ ಅಂತಲೇ ಇಟ್ಟುಕೋ. ಹೆದರುವಂಥದ್ದು ಏನೂ ಇಲ್ಲ. ಉಪ್ಪು ಕಡಿಮೆ ಮಾಡು, ಸಿಗರೇಟು ಮುಟ್ಟಬೇಡ, ಮಾತ್ರೆ ತಪ್ಪಿಸಬೇಡ. ಆ ಡ್ರೈವರಿನ ಹತ್ತಿರ ಕ್ಷಮೆ ಕೇಳು.

ನಾನು ಹೊರಟೇಬಿಡುತ್ತಿದ್ದೆ. ಆದರೆ ಇಲ್ಲಿ ನಮ್ಮ ಲ್ಯಾಬಿಗೆ ರಕ್ತಕಣಗಳ ಹೊಸ ಎಣಿಕೆ ಯಂತ್ರ ಬಂದಿದೆ, ಅದರ ಭಾಷೆ ಅರ್ಥವಾಗುವವಳು ನಾನೊಬ್ಬಳೇ. ಅದಕ್ಕೆ ಅನುಮಾನ ಬಂದ ರಕ್ತವನ್ನೆಲ್ಲ ಗಾಜಿನ ಮೇಲೆ ಹಚ್ಚಿ ನಾನು ಕಣ್ಣಿಂದ ನೋಡಿ ಹೌದು ಅನ್ನಬೇಕು. ಅದೂ ಅಲ್ಲದೆ, ನೀನೇ ಬರಬೇಡ ಎಂದಿದ್ದೀಯ. ಬೇಕಾದಷ್ಟು ಜನ ಅಂದರೆ ಯಾರು, ಹೇಳು ನೋಡೋಣ.

ಅಕ್ಕ


ಮಾರ್ಚ್ ೩

ಅಕ್ಕಾ,

ಮನೆಗೆ ಬಂದು ಸೇರಿದ್ದೇನೆ. ಊರಿನವರ ಲಿಫ್ಟೆಲ್ಲ ರಿಪೇರಿ ಮಾಡುವವನು ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿದ್ದೇನೆ, ನಗಬೇಡ. ಕೋಣೆ ನೀನು ನೋಡಿದ ಹಾಗೆಯೇ ಇದೆ. ಕಿಟಕಿ, ಮಂಚ, ಕುರ್ಚಿ, ನನ್ನ ಸ್ಪ್ಯಾನರುಗಳ ಪೆಟ್ಟಿಗೆ. ಕೆಳಗಿನ ಮನೆಯಲ್ಲಿ ಒಬ್ಬರು ಹೊಲಿಗೆಯವರು ಬಂದಿದ್ದಾರೆ. ಬೆಳಗ್ಗೆಯಿಂದ ಯಂತ್ರ ಕಟಕಟ ಅನ್ನುತ್ತದೆ, ನನ್ನ ನೆಲ ಸ್ವಲ್ಪ ನಡುಗುತ್ತದೆ. ಮೊದಲು ಕಿರಿಕಿರಿಯಾಗುತ್ತಿತ್ತು. ಈಗ ಅದು ನಿಂತರೆ ಊಟಕ್ಕೆ ಎದ್ದರೇನೋ ಅಂದುಕೊಂಡು ನಾನೂ ತಟ್ಟೆ ಹಾಕಿಕೊಳ್ಳುತ್ತೇನೆ.

ಕಂಪನಿಯವರು ನನ್ನನ್ನು ಮೇಲೆ ಹತ್ತಬೇಡ ಎಂದು ಫೋನಿನ ಮುಂದೆ ಕೂರಿಸಿದ್ದಾರೆ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಒಳಗಿನ ಗುಂಡಿ ಒತ್ತಿದರೆ ನನಗೆ ಬರುತ್ತದೆ. ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯುವವರೆಗೆ ನಾನು ಅವರನ್ನು ಮಾತಾಡಿಸುತ್ತಿರಬೇಕು, ಗಾಬರಿಯಾಗಬಾರದಲ್ಲ. ಎಂಥೆಂಥ ಮಾತು ಅಂತೀಯ! ನಿನ್ನೆ ಒಬ್ಬ ವಕೀಲರು ತಮ್ಮ ಮಗಳ ಮದುವೆಯ ಜಗಳವನ್ನೆಲ್ಲ ಹೇಳಿಕೊಂಡರು. ಮುಖ್ಯ ಘಟ್ಟಕ್ಕೆ ಬರುವಷ್ಟರಲ್ಲಿ ನಮ್ಮ ಹುಡುಗರು ಬಾಗಿಲು ತೆಗೆದೇಬಿಟ್ಟರು. ಹಾಳಾದವರು, ಬೇರೆ ದಿನ ಎಷ್ಟು ತಡ ಮಾಡುತ್ತಾರೆ!

ಬೇಕಾದಷ್ಟು ಜನ ಯಾರು ಎಂದು ಕೇಳಿದ್ದೆಯಲ್ಲ. ಇವರೆಲ್ಲ.

ನಿನ್ನ ತಮ್ಮ


ಮಾರ್ಚ್ ೧೨

ಲೋ ಮಂಗಾ,

ನಿನ್ನಿಂದ ಒಂದು ಉಪಕಾರವಾಗಬೇಕು. ಹೊಸದಾಗಿ ಸೇರಿದವರಿಗೆ ನಾನು ಪಾಠ ಮಾಡಬೇಕಾಗಿದೆ, ತರಾವರಿ ರಕ್ತದ ಗಾಜುಗಳು ಬೇಕು. ಈ ಡಬ್ಬಿಯಲ್ಲಿ ಎರಡು ಗಾಜಿನ ಪಟ್ಟಿ ಮತ್ತು ಒಂದು ಚುಚ್ಚುವ ಸೂಜಿ ಇಟ್ಟಿದ್ದೇನೆ. ಉಂಗುರದ ಬೆರಳಿಗೆ ಚುಚ್ಚಿ ಒಂದು ಗಾಜಿನ ತುದಿಯಲ್ಲಿ ಒಂದು ಹನಿ ಇಡು. ಇನ್ನೊಂದು ಗಾಜಿನ ಅಂಚಿನಿಂದ ಅದನ್ನು ಒಂದೇ ಸಲ ಮುಂದಕ್ಕೆ ತಳ್ಳು, ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ ಹಾಗೆ ಹಿಂದೆ ಮುಂದೆ ಉಜ್ಜಬೇಡ. ಒಣಗಿಸಿ ಡಬ್ಬಿಗೆ ಹಾಕಿ ಕಳಿಸು. ಬಣ್ಣ ನಾನು ಹಾಕಿಕೊಳ್ಳುತ್ತೇನೆ.

ಸುಮ್ಮನೆ ಪಾಠಕ್ಕೆ ಅಷ್ಟೇ, ತಲೆ ಕೆಡಿಸಿಕೊಳ್ಳಬೇಡ. ಮೆಟ್ಟಿಲು ಹತ್ತುವಾಗ ಉಸಿರು ಹೇಗಿದೆ? ಅದನ್ನು ನೀನು ಬರೆದೇ ಇಲ್ಲ.

ಅಕ್ಕ


ಮಾರ್ಚ್ ೨೯

ಅಕ್ಕಾ,

ಗಾಜು ಕಳಿಸಿದ್ದೇನೆ. ಮೊದಲನೆಯದು ಕೆಟ್ಟಿತು, ಎರಡನೆಯದು ಪರವಾಗಿಲ್ಲ. ನಿನ್ನ ಶಿಷ್ಯರಿಗೆ ಹೇಳು, ಇದು ಎದೆಯೊಳಗೆ ಯುದ್ಧ ಗೆದ್ದು ಬಂದವನ ರಕ್ತ ಅಂತ.

ಉಸಿರು ಇದೆ. ಒಳಗೂ ಹೋಗುತ್ತದೆ, ಹೊರಗೂ ಬರುತ್ತದೆ.

ನಿನ್ನ ತಮ್ಮ


ಏಪ್ರಿಲ್ ೮

ಲೋ ಮಂಗಾ,

ನೀನು ಯಾವಾಗ ಹೆಂಗಸಾದೆಯೋ?

ಗಾಜಿಗೆ ಬಣ್ಣ ಹಾಕಿ ನೋಡಿದೆ. ಬಿಳಿ ಕಣಗಳು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಸಮಾಧಾನದ ಉಸಿರು ಬಿಟ್ಟೆ. ಆಮೇಲೆ ಅಭ್ಯಾಸಬಲದಿಂದ ಇನ್ನಷ್ಟು ನೋಡುತ್ತಾ ಹೋದೆ. ಅಲ್ಲೊಂದು ಇಲ್ಲೊಂದು ಬಿಳಿ ಕಣದ ತಿರುಳಿಗೆ ಡ್ರಮ್ ಬಾರಿಸುವ ಕೋಲಿನ ತುದಿಯಂಥ ಪುಟ್ಟ ಗುಬುಟು ಅಂಟಿಕೊಂಡಿದೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಅದು ಹೆಂಗಸರ ರಕ್ತದಲ್ಲಿ ಕಾಣುವಂಥದ್ದು. ಗಂಡಸರ ರಕ್ತದಲ್ಲಿ ಹೀಗೆ ಇರುವುದಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದವಳ ಕಣ್ಣಿಗೆ ಮಣ್ಣೆರಚಲು ನೋಡಿದೆಯಲ್ಲ, ಭಂಡ!

ಯಾರೋ ಅವಳು? ಕೇಳಿದ ತಕ್ಷಣ ಬೆರಳು ಮುಂದೆ ಚಾಚಿ ನಿನಗಾಗಿ ಚುಚ್ಚಿಸಿಕೊಂಡವಳು? ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಮೈಕ್ರೋಸ್ಕೋಪಿನ ಮುಂದೆ ಒಬ್ಬಳೇ ನಕ್ಕೆ. ಪಕ್ಕದವಳು ಏನಾಯ್ತು ಮೇಡಂ ಎಂದು ಓಡಿ ಬಂದಳು. "ನನ್ನ ತಮ್ಮನ ಮನೇಲಿ ಒಬ್ಬಳು ಇದ್ದಾಳೆ ಕಣೆ" ಎಂದುಬಿಟ್ಟೆ.

ಅಲ್ಲ, ಅವಳ ರಕ್ತ ಯಾಕೆ ಕಳಿಸಿದೆ? ನಿನ್ನದಕ್ಕೆ ಏನಾಗಿದೆ?

ಅಕ್ಕ


ಏಪ್ರಿಲ್ ೨೪

ಅಕ್ಕಾ,

ಸಿಕ್ಕಿಬಿದ್ದೆ. ರಕ್ತದ ಹನಿಯಲ್ಲಿ ಗಂಡು ಹೆಣ್ಣು ಕಾಣುತ್ತದೆ ಎಂದು ಯಾವ ಲಿಫ್ಟ್ ಮೆಕ್ಯಾನಿಕ್ಕಿಗೆ ಗೊತ್ತಿರುತ್ತದೆ ಹೇಳು!

ನನ್ನದನ್ನು ಯಾಕೆ ಕಳಿಸಲಿಲ್ಲ ಅಂದರೆ ಸೂಜಿ ಕಂಡರೆ ನನಗೆ ಜೀವ ಹೋಗುತ್ತದೆ. ಆಸ್ಪತ್ರೆಯಲ್ಲಿ ಅವರು ಚುಚ್ಚುತ್ತಾರೆ, ಕಣ್ಣು ಮುಚ್ಚಿಕೊಳ್ಳಬಹುದು. ನನಗೆ ನಾನೇ ಚುಚ್ಚಿಕೊಳ್ಳುವುದು ಆಗದ ಮಾತು.

ಹೌದು, ಕೆಳಗಿನ ಮನೆಯ ಹೊಲಿಗೆಯವರು. ಅವರ ವಿಷಯ ಏನು ಹೇಳಲಿ. ಬೆಳಗ್ಗೆ ಬೇಗ ಏಳುತ್ತಾರೆ. ಯಂತ್ರಕ್ಕೆ ಎಣ್ಣೆ ಬಿಡುವ ಮೊದಲು ಚಕ್ರವನ್ನು ಒಮ್ಮೆ ಬರಿದೇ ತಿರುಗಿಸುತ್ತಾರೆ. ದಪ್ಪ ಬಟ್ಟೆ ಹೊಲಿಯುವಾಗ ನಿಧಾನ, ತೆಳು ಬಟ್ಟೆಗೆ ಜೋರು. ಮಧ್ಯಾಹ್ನ ರೇಡಿಯೋ ಹಾಕುತ್ತಾರೆ, ಸುದ್ದಿ ಬಂದ ಕೂಡಲೇ ಆರಿಸುತ್ತಾರೆ. ಕೆಮ್ಮು ಬಂದರೆ ತಡೆದುಕೊಂಡು ಕೆಮ್ಮುತ್ತಾರೆ. ಒಳ್ಳೆಯವರು ಅಕ್ಕಾ.

ನೀನು ಇನ್ನು ನನ್ನ ಚಿಂತೆ ಬಿಡು.

ನಿನ್ನ ತಮ್ಮ


ಮೇ ೨

ತಮ್ಮಾ,

ಓದಿ ಸಂತೋಷವಾಯಿತು. ನಿಜವಾಗಿ. ಅವರ ಕೆಮ್ಮನ್ನೂ ಗಮನಿಸಿದ್ದೀಯ ಎಂದರೆ ವಿಷಯ ದೂರ ಹೋಗಿದೆ ಅಂತಲೇ ಲೆಕ್ಕ. ನಾನು ಕಳಿಸಿದ ಸೂಜಿಗೆ ಇನ್ನು ಕೆಲಸವಿಲ್ಲ, ಎಸೆದುಬಿಡು. ಪಾಠಕ್ಕೆ ಬೇರೆ ಗಾಜು ಸಿಕ್ಕಿವೆ.

ಇಲ್ಲಿ ವಿಶೇಷವೇನಿಲ್ಲ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೆ, ಅದರಲ್ಲಿ ಹಳೆಯ ಪೇಪರು ತುಂಬಿಸಿಟ್ಟಿದ್ದೇನೆ. ನೀವಿಬ್ಬರೂ ಆರೋಗ್ಯವಾಗಿರಿ. ನಾನು ಪದೇ ಪದೇ ಬರೆದು ನಡುವೆ ಬರುವುದಿಲ್ಲ, ಬಿಡುವಾದಾಗ ನೀನೇ ಬರಿ.

ಅಕ್ಕ


ಜೂನ್ ೧೧

ಅಕ್ಕಾ,

ಒಂದು ತಿಂಗಳಾದರೂ ನಿನ್ನಿಂದ ಪತ್ರವಿಲ್ಲ. ಸಿಟ್ಟೇನು? ಅಥವಾ ಆ ಎಣಿಕೆ ಯಂತ್ರ ನಿನ್ನನ್ನೂ ನುಂಗಿತೋ?

ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋಗುವುದೊಂದು ಬಾಕಿ ಇದೆ, ಹೋಗುತ್ತೇನೆ, ಅವಸರವೇನು. ತೂಕ ಹೆಚ್ಚಾಗಿದೆ, ಪ್ಯಾಂಟಿನ ಗುಂಡಿ ಕೂರುತ್ತಿಲ್ಲ. ಶೂ ಬಿಟ್ಟು ಚಪ್ಪಲಿಗೆ ಬಂದಿದ್ದೇನೆ, ಹಾಯಾಗಿದೆ. ಹೊಸದಾಗಿ ದಿಂಬು ಕೊಂಡೆ, ಒಂದಲ್ಲ, ಎರಡು. ಈಗ ಕೆಲಸಕ್ಕೆ ದಿನಾ ಹೋಗುವುದಿಲ್ಲ, ಮನೆಯಲ್ಲೇ ಇರುವುದು ಹೆಚ್ಚು. ಕಿಟಕಿಯ ಹತ್ತಿರ ಕೂತರೆ ಕೆಳಗಿನ ರಸ್ತೆಯೆಲ್ಲ ಕಾಣುತ್ತದೆ. ಯಾರು ಬಂದರು, ಯಾರು ಹೋದರು ಎಲ್ಲ ನನಗೆ ಗೊತ್ತು.

ನಿನ್ನ ಹಿಂದಿನ ಕೋಣೆಯ ಕಿಟಕಿಯಿಂದ ಏನು ಕಾಣುತ್ತದೆ? ಹಿಂದೆ ಬಂದಾಗ ನೋಡಿದ್ದೆ, ನೆನಪಾಗುತ್ತಿಲ್ಲ.

ನಿನ್ನ ತಮ್ಮ


ಜೂನ್ ೨೦

ಲೋ ಮಂಗಾ,

ಸಿಟ್ಟೂ ಇಲ್ಲ, ಏನೂ ಇಲ್ಲ. ಎರಡು ದಿಂಬು ಕೊಂಡವನಿಗೆ ಅಕ್ಕನ ಪತ್ರ ಯಾಕೆ ಬೇಕು ಎಂದುಕೊಂಡೆ! ಅಂತೂ ನಿನಗೂ ಮೈ ಬಂತು. ಅವರ ಕೈಗುಣ ಚೆನ್ನಾಗಿರಬೇಕು. ಚಿಕ್ಕಂದಿನಲ್ಲಿ ನಿನಗೆ ಎಷ್ಟು ತಿನ್ನಿಸಿದರೂ ಮೂಳೆ ಕಾಣುತ್ತಿತ್ತು. ಶೂ ಬಿಟ್ಟು ಚಪ್ಪಲಿ, ಕೆಲಸ ಬಿಟ್ಟು ಮನೆ, ಭಾಗ್ಯವಂತ ಕಣೋ ನೀನು. ಆದರೂ ತಪಾಸಣೆಗೆ ಹೋಗು, ಅವರನ್ನೂ ಕರೆದುಕೊಂಡು ಹೋಗು.

ಹಿಂದಿನ ಕೋಣೆಯ ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಕಾಣುತ್ತದೆ. ನೋಡಲು ಏನೂ ಇಲ್ಲ.

ಅಕ್ಕ


ಜುಲೈ ೩

ಎರಡನೇ ಮಹಡಿಯ ಹೊಲಿಗೆಯವರಿಗೆ,

ನಾನು ನಿಮ್ಮ ಮೇಲಿನ ಮನೆಯ ಲಿಫ್ಟ್ ಮೆಕ್ಯಾನಿಕ್ಕಿನ ಅಕ್ಕ. ನಾವು ಭೇಟಿಯಾಗಿಲ್ಲ. ನೀವು ನನ್ನನ್ನು ಅತ್ತಿಗೆ ಎನ್ನಬಹುದು, ಆದರೆ ಅದಕ್ಕೆಲ್ಲ ಈಗ ಹೊತ್ತಿಲ್ಲ. ದಯವಿಟ್ಟು ಇದನ್ನು ಓದಿದ ಕೂಡಲೇ ಮೇಲೆ ಹೋಗಿ.

ಇವತ್ತು ವಾರ್ಡಿಗೆ ರಕ್ತ ತೆಗೆಯಲು ಹೋಗಿದ್ದೆ. ಹೃದಯ ಸೋತ ಒಬ್ಬರು ಮೂರು ದಿಂಬು ಒರಗಿಸಿಕೊಂಡು ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಅವರ ಹೆಂಡತಿ ಹೇಳಿದರು. ಮಂಚದ ಕೆಳಗೆ ಅವರ ಚಪ್ಪಲಿ ಇತ್ತು. ಕಾಲು ಊದಿ ಶೂ ಹಿಡಿಸುತ್ತಿಲ್ಲವಂತೆ. ಸೂಜಿ ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ತೂಕ, ಚಪ್ಪಲಿ, ದಿಂಬು. ನನ್ನ ತಮ್ಮ ಎಲ್ಲವನ್ನೂ ಬರೆದಿದ್ದ. ನಾನು ಅದನ್ನೆಲ್ಲ ನಿಮ್ಮ ಕೈಯಡುಗೆ, ನಿಮ್ಮ ಸಂಸಾರ ಎಂದು ಓದಿಕೊಂಡೆ.

ನಿಮ್ಮಿಂದ ಮುಚ್ಚಿಡುವುದಿಲ್ಲ. ಹೃದಯಾಘಾತವಾದಾಗ ಬಿಳಿ ಕಣ ಅಷ್ಟೊಂದು ಏರಿದವರಲ್ಲಿ ಮುಂದೆ ಹೃದಯ ಸೋಲುವ ಸಂಭವ ಬೇರೆಯವರಿಗಿಂತ ಹೆಚ್ಚು. ಎಲ್ಲರಿಗೂ ಆಗುವುದಿಲ್ಲ, ಆದರೆ ಹೆಚ್ಚು. ಅವನ ಹದಿನೇಳು ಸಾವಿರ ಓದಿದ ದಿನವೇ ನನಗೆ ಇದು ಗೊತ್ತಿತ್ತು. ಹೆದರುತ್ತಾನೆ ಎಂದು ಹೇಳಲಿಲ್ಲ. ಪಾಠಕ್ಕೆ ಎಂದು ಸುಳ್ಳು ಹೇಳಿ ರಕ್ತ ತರಿಸಿದೆ. ಅವನದೇ ರಕ್ತ ಬಂದಿದ್ದರೂ ಅದರಲ್ಲಿ ನನಗೆ ಅವನ ಕಾಲು ಕಾಣುತ್ತಿರಲಿಲ್ಲ. ಎದುರಿಗೆ ನಿಂತ ಯಾರಿಗಾದರೂ ಕಾಣುವುದನ್ನು ನಾನು ಇಲ್ಲಿ ಕೂತು ಮೈಕ್ರೋಸ್ಕೋಪಿನಲ್ಲಿ ಹುಡುಕಿದೆ.

ನೀವು ಇಷ್ಟು ಮಾಡಿ. ಅವನ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ ಹೆಬ್ಬೆರಳಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದು ಬಿಡಿ. ಗುಂಡಿ ಹಾಗೇ ಉಳಿದರೆ ಒಂದು ನಿಮಿಷವೂ ಯೋಚಿಸಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. "ಚೆನ್ನಾಗಿದೀನಿ" ಅನ್ನುತ್ತಾನೆ, ಕೇಳಬೇಡಿ. ನಿಮ್ಮ ಕಟ್ಟಡದ ಫೋನನ್ನು ಯಾರೂ ಎತ್ತುತ್ತಿಲ್ಲ. ಈ ಪತ್ರ ತುರ್ತು ಟಪಾಲಿನಲ್ಲಿ ವಿಮಾನದಲ್ಲಿ ಬರುತ್ತದೆ, ನನಗೆ ಸಿಕ್ಕಿದ್ದು ರೈಲು. ನಾನು ತಲುಪುವಷ್ಟರಲ್ಲಿ ತಡವಾಗಿರಬಾರದು.

ಇನ್ನೊಂದು ಮಾತು. ಅವನನ್ನು ಇಲ್ಲಿಗೇ ಕರೆಸಿಕೊಳ್ಳಬೇಕೆಂದು ಹಿಂದಿನ ಕೋಣೆ ಸಿದ್ಧ ಮಾಡಿದ್ದೆ. ನೀವಿದ್ದೀರಿ ಎಂದು ತಿಳಿದ ದಿನ ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಅದಕ್ಕೇ ಪತ್ರ ನಿಲ್ಲಿಸಿದೆ. ಈಗ ಅದೆಲ್ಲ ಇಲ್ಲ. ಅವನ ಹತ್ತಿರ ನೀವಿದ್ದೀರಿ ಎಂಬ ಒಂದೇ ಧೈರ್ಯದಿಂದ ರೈಲು ಹತ್ತುತ್ತಿದ್ದೇನೆ.

ಅವನ ಅಕ್ಕ


ಜುಲೈ ೫

ಮೇಲಿನ ಮನೆಯವರ ಅಕ್ಕನಿಗೆ,

ಇದನ್ನು ಅವರ ಬಾಗಿಲಿಗೇ ಸಿಕ್ಕಿಸಿ ಹೋಗುತ್ತಿದ್ದೇನೆ. ನೀವು ಬಂದಾಗ ಇಲ್ಲಿ ಯಾರೂ ಇರುವುದಿಲ್ಲ. ಗಾಬರಿಯಾಗಬೇಡಿ, ನಿಮ್ಮ ತಮ್ಮ ಆಸ್ಪತ್ರೆಯಲ್ಲಿದ್ದಾರೆ, ಬದುಕಿದ್ದಾರೆ.

ನಿಮ್ಮ ಪತ್ರ ನಿನ್ನೆ ಬೆಳಗ್ಗೆ ಬಂತು. ಓದಿ ತಲೆಬುಡ ತಿಳಿಯಲಿಲ್ಲ. ನಾನು ನಿಮ್ಮ ತಮ್ಮನಿಗೆ ಏನೂ ಆಗಬೇಕಿಲ್ಲ ಅಮ್ಮಾ. ಒಂದು ದಿನ ಬಾಗಿಲು ತಟ್ಟಿ ಗಾಜು, ಸೂಜಿ ಹಿಡಿದು ನಿಂತಿದ್ದರು. "ಒಂದು ಹನಿ ರಕ್ತ ಕೊಡ್ತೀರಾ, ನಮ್ಮ ಅಕ್ಕನ ಪಾಠಕ್ಕೆ ಬೇಕಂತೆ" ಎಂದರು. ನನಗೆ ನಗು ಬಂತು. ದಿನಾ ಸೂಜಿ ಚುಚ್ಚಿಸಿಕೊಳ್ಳುವ ಬೆರಳು, ಕೊಟ್ಟೆ. ಅವರು ನಮ್ಮ ಬಾಗಿಲಿಗೆ ಬಂದದ್ದು ಅದೊಂದೇ ಸಲ. ಮೆಟ್ಟಿಲಲ್ಲಿ ಎದುರಾದರೆ ತಲೆ ಆಡಿಸುತ್ತಿದ್ದರು, ಅಷ್ಟೇ. ಇತ್ತೀಚೆಗೆ ಅದೂ ಇರಲಿಲ್ಲ. ಊರಿಗೆ ಹೋಗಿರಬೇಕು ಎಂದುಕೊಂಡಿದ್ದೆ.

ಯಾರದೋ ಮನೆಯ ವಿಷಯ ನನಗೇಕೆ ಎಂದು ಸ್ವಲ್ಪ ಹೊತ್ತು ಯಂತ್ರದ ಮುಂದೆಯೇ ಕೂತಿದ್ದೆ. ಮನಸ್ಸು ತಡೆಯಲಿಲ್ಲ, ಹತ್ತಿ ಹೋದೆ. ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು, ಬೆನ್ನಿಗೆ ದಿಂಬುಗಳು. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ನೀವು ಹೇಳಿದ ಹಾಗೆ ಕಾಲು ಒತ್ತಿದೆ. ಹೆಬ್ಬೆರಳು ಹೂತುಹೋಯಿತು, ಗುಂಡಿ ತುಂಬಲೇ ಇಲ್ಲ. "ಚೆನ್ನಾಗಿದೀನಿ" ಎಂದರು. "ಸಾಕು ಸುಮ್ಮನಿರಿ, ನಿಮ್ಮಕ್ಕ ಎಲ್ಲಾ ಬರೆದಿದಾರೆ" ಎಂದು ಗದರಿದೆ. ಕೆಳಗಿನ ಅಂಗಡಿಯವರನ್ನು ಕರೆದು ಕುರ್ಚಿ ಸಮೇತ ಇಳಿಸಿದೆವು.

ಇನ್ನೂ ಎರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ನೀರು ಇಳಿಯಲು ಔಷಧಿ ಕೊಟ್ಟು, ಮೂಗಿಗೆ ಗಾಳಿ ಹಾಕಿದ್ದಾರೆ. ಹೃದಯ ದುರ್ಬಲವಾಗಿದೆ, ಇನ್ನು ಮೇಲೆ ಇವರು ಒಬ್ಬರೇ ಇರಬಾರದು ಎಂದೂ ಹೇಳಿದರು. ಇವತ್ತು ಸ್ವಲ್ಪ ಸುಧಾರಿಸಿದ್ದಾರೆ, ಮಾತಾಡಿದರು. ಬಿಳಿ ಕಣ ಏರಿದ್ದಕ್ಕೆ ಹುಷಾರಾಗಿರಬೇಕು ಎಂದು ಡಾಕ್ಟರು ಫೆಬ್ರವರಿಯಲ್ಲೇ ಅವರಿಗೂ ಹೇಳಿದ್ದರಂತೆ. ನಿಮಗೆ ಗೊತ್ತಾದರೆ ಕೆಲಸ ಬಿಟ್ಟು ಬಂದುಬಿಡುತ್ತೀರಿ ಎಂದು ಸೈನ್ಯ ಗೀನ್ಯ ಎಂದು ತಮಾಷೆ ಮಾಡಿದರಂತೆ. ನೀವು ಗಾಜು ಕೇಳಿದಾಗಲೇ ನಿಮಗೂ ಗೊತ್ತಿದೆ ಎಂದು ತಿಳಿಯಿತಂತೆ. ರಕ್ತ ಕೆಟ್ಟಿದ್ದರೆ ನೀವು ಹೆದರುತ್ತೀರಿ ಎಂದು ನನ್ನದನ್ನು ಕಳಿಸಿದರು.

ನಾನು ಏಳುವಾಗ ಕೈ ಹಿಡಿದುಕೊಂಡು, "ಅಕ್ಕನಿಗೆ ಮಾತ್ರ ಹೇಳಬೇಡಿ" ಎಂದರು. "ನನಗೆ ಯಾರೋ ಇದಾರೆ ಅಂತ ಅವಳು ನೆಮ್ಮದಿಯಾಗಿದಾಳೆ. ಬಂದಾಗ ಸುಮ್ಮನೆ ಹೂಂ ಅಂದುಬಿಡಿ." ನಾನು ಹೂಂ ಅನ್ನಲಿಲ್ಲ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅದೂ ಅಲ್ಲದೆ ನೀವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡ ಸುಳ್ಳೇ ಬೇಕಾದಷ್ಟಾಯಿತು. ಅವರಿಗೆ ಯಾರೂ ಇಲ್ಲ. ನೀವೇ ಇರುವುದು.

ಆಸ್ಪತ್ರೆ ಈ ರಸ್ತೆಯ ಕೊನೆಯಲ್ಲಿದೆ. ಎರಡನೇ ಮಹಡಿ, ಗೋಡೆಯ ಪಕ್ಕದ ಹಾಸಿಗೆ. ನೋಡಲು ಬಂದವರನ್ನು ಸಂಜೆ ನಾಲ್ಕಕ್ಕೆ ಒಳಗೆ ಬಿಡುತ್ತಾರೆ. ಇವತ್ತು ನಾಲ್ಕಕ್ಕೆ ಬಾಗಿಲು ತೆಗೆದಾಗ ಎಲ್ಲ ಹಾಸಿಗೆಗೂ ಜನ ನುಗ್ಗಿದರು. ನಿಮ್ಮ ತಮ್ಮ ಮುಖವನ್ನು ಗೋಡೆಗೆ ತಿರುಗಿಸಿ, ನಿದ್ದೆ ಹತ್ತಿದವರ ಹಾಗೆ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂದಿರಲಿಲ್ಲ, ನಾನು ನೋಡಿದೆ. ನೀವು ಹೋದಾಗಲೂ ಹಾಗೇ ಮಲಗಿದ್ದರೆ, ಪಾಪ ಮಲಗಲಿ ಎಂದು ಕಾಯುತ್ತಾ ಕೂರಬೇಡಿ. ಎಬ್ಬಿಸಿ.

ಕೆಳಗಿನ ಮನೆಯವಳು